ಗದಿಗೆಮ್ಮಾಯಿಯ ಓಟು

ಫೆಬ್ರವರಿ 8, 1998, ಭಾನುವಾರ

ಇವತ್ತೂ ಹಾಸ್ಟೆಲಿನ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದ್ದೇ ಆಯಿತು. ಕೈ ಇನ್ನೂ ವಾಸನೆ. ಅಮೀರ್‌ಪೇಟೆಯಿಂದ ಕಾಚಿಗೂಡಕ್ಕೆ ಬಸ್ಸು ತಡ — ರಸ್ತೆ ತುಂಬ ಮೆರವಣಿಗೆ. ಆ ಕಡೆ ನೀರಿನ ಕೊಡದ ಗುರುತಿನ ಪಾರ್ಟಿಯವರು, ಈ ಕಡೆ ಛತ್ರಿಯವರು. ಇಬ್ಬರ ಮೈಕೂ ಒಟ್ಟಿಗೆ ಕೂಗಿ ಯಾರದೂ ತಿಳಿಯಲಿಲ್ಲ. ಪಾರ್ಲಿಮೆಂಟ್ ಚುನಾವಣೆ. ಇಲ್ಲಿ ಯಾರು ಗೆದ್ದರೂ ಕೂದಲೆಳೆಯಷ್ಟರಲ್ಲಿ ಅನ್ನುತ್ತದೆ ಹಾಸ್ಟೆಲ್ ಟಿವಿ.

ಕಾಲು ತೊಳೆಯುವಷ್ಟರಲ್ಲಿ ಗೋಡೆಗೆ ಎರಡು ಪೆಟ್ಟು. ಪಕ್ಕದ ಮನೆಯ ಗದಿಗೆಮ್ಮಾಯಿ. ನಮ್ಮ ಹಾಗೆ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದವಳು. ಕಣ್ಣು ಕಾಣುವುದಿಲ್ಲ. ಏನು ಬೇಕಾದರೂ ಕೋಲಿನಿಂದ ಎರಡು ಸಲ ಬಡಿಯುತ್ತಾಳೆ — ಅದೇ ನನ್ನ ಹೆಸರು.

"ರೇಣುಕಾ, ಓಟಿನ ದಿನ ನನ್ನ ಜೋಡಿ ನೀನ ಬರಬೇಕವ್ವಾ. ಕುರುಡರ ಸಂಗಾಟ ಒಬ್ಬರು ಒಳಗ ಹೋಗಬೌದಂತ."

"ಹುಲಗೇಶಣ್ಣ ಅದಾನಲ್ಲ, ಆಯಿ..."

ಅವಳ ಮಗ. ಮಾದಾಪುರದಲ್ಲಿ ಕಂಪ್ಯೂಟರಿನವರ ದೊಡ್ಡ ಕಟ್ಟಡಕ್ಕೆ ಸೆಂಟ್ರಿಂಗ್ ಕೆಲಸ.

"ಅಂವ ಛತ್ರಿ ಪಾರ್ಟಿ. ನನ್ನ ಹೊಟ್ಟ್ಯಾಗ ಹುಟ್ಟಿದಂವ ಖರೆ, ಓಟು ಅವನ ಕೈಯಾಗ ಕೊಡ್ತೀನೇನು? ನಮ್ಮ ಓಣಿಗಿ ನಳ ಹಾಕಿಸಿದವರು ಕೊಡದವರು. ಅದಕ್ಕ ಮೊದಲ ಯಾರದರ ಹೆಗಲ ಹಿಡಕೊಂಡು ಸ್ಟೇಷನ್ನಿನ ನಳಕ್ಕ ಹೋಗ್ತಿದ್ದೆ. ನೀ ಬಾಯಿಲ್ಲದಾಕಿ. ಹೇಳಿದ್ದ ಮಾಡ್ತಿ."

ಹೊಗಳಿದಳು ಅಂದುಕೊಂಡೆ.

ಫೆಬ್ರವರಿ 12, ಗುರುವಾರ

ಹಾಸ್ಟೆಲ್ ಮುಂದೆ ಛತ್ರಿಯವರ ಸಭೆ. ಗೇಟಿನ ಒಳಗೇ ನಿಂತು ಕೇಳಿದೆ. ಬಸ್ತಿಗೊಂದು ಕಂಪ್ಯೂಟರ್ ಕ್ಲಾಸು ತೆರೆಯುತ್ತಾರಂತೆ. ನಾಲ್ಕನೇ ಇಯತ್ತೆ ಓದಿದ ಹುಡುಗಿಗೂ ಕಲಿಸುತ್ತಾರಂತೆ. ಮೂರನೇದು ಅನ್ನಲಿಲ್ಲ, ಏಳನೇದು ಅನ್ನಲಿಲ್ಲ. ನಾಲ್ಕು. ನಾನು ಓದಿದ್ದು ಅಷ್ಟೇ.

ಕಂಪ್ಯೂಟರ್ ಕೋರ್ಸಿಗೆ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರು ನಕ್ಕರು. "ರೇಣುಕಾ, ತೂ ಭೀ ಪ್ರೋಗ್ರಾಮರ್ ಬನೇಗಿ ಕ್ಯಾ? ಫಿರ್ ಹಮಾರಾ ಸಾಂಬಾರ್ ಕೌನ್ ಬನಾಯೇಗಾ?"

ನಾನು ಪ್ರೋಗ್ರಾಮರ್ ಆದರೆ ಅವರಿಗೆ ಸಾಂಬಾರ್ ಮಾಡುವವರು ಯಾರಂತೆ! ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಪೂರ್ತಿ ಅದೇ ಯೋಚನೆ. ಹತ್ತೊಂಬತ್ತು ತುಂಬಿದೆ. ಹೆಸರು ಬರೆಸಿದ್ದೆ, ಮತದಾರರ ಪಟ್ಟಿಯಲ್ಲಿ ಬಂದಿಲ್ಲ. ನನಗೆ ಓಟಿಲ್ಲ.

ಫೆಬ್ರವರಿ 16, ಸೋಮವಾರ

ಬರೆಯಬಾರದು ಅನ್ನಿಸುತ್ತದೆ. ಬರೆಯದಿದ್ದರೆ ಅನ್ನ ಇಳಿಯುವುದಿಲ್ಲ.

ಆಯಿ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಹೆಗಲ ಮೇಲೆ ಕೈ. ಬೂತಿನ ಆಫೀಸರು ನನ್ನಿಂದ ಸಹಿ ಮಾಡಿಸಿಕೊಂಡರು — ಆಕೆ ಹೇಳಿದ ಗುರುತಿಗೇ ಮುದ್ರೆ ಒತ್ತುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು. ಆಯಿಯ ಬೆರಳಿಗೆ ಮಸಿ ಹಚ್ಚಿದರು. ರಟ್ಟಿನ ಮರೆಗೆ ಹೋದೆವು.

"ಕೊಡ ಎಲ್ಲೈತಿ? ನನ್ನ ಬೆರಳು ಅದರ ಮ್ಯಾಲ ಇಡು."

ಇಟ್ಟೆ. ಕೊಡದ ಚಿತ್ರದ ಮೇಲೆಯೇ ಇಟ್ಟೆ. ಅಲ್ಲಿಯವರೆಗೆ ಮೋಸವಿಲ್ಲ. ಆಯಿ ಸವರಿ ನೋಡಿ, "ಬರೇ ಕಾಗದ ಹತ್ತತೈತಿ" ಎಂದು ನಕ್ಕಳು. ಬೆರಳು ತೆಗೆದಳು. "ಹೊಡಿ ಈಗ ಶಿಕ್ಕಾ."

ಛತ್ರಿ ಎರಡು ಸಾಲು ಕೆಳಗಿತ್ತು. ಕೈ ತಾನಾಗಿ ಹೋಯಿತು — ಇಲ್ಲ, ಕೈ ಹೋಗಲಿಲ್ಲ. ನಾನೇ ಒಯ್ದೆ. ಯಾರೂ ಹೆದರಿಸಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ಒತ್ತಿದಾಗ ಒಂದು ಕ್ಷಣ ಎಷ್ಟು ಖುಷಿಯಾಯಿತು... ಅದನ್ನೂ ಬರೆಯಬೇಕು.

"ಹೊಡದಿ?"

"ಹೂಂ, ಆಯಿ."

ಚೀಟಿ ಮಡಚಿ ಕೊಟ್ಟೆ. ಡಬ್ಬಿಯ ಬಾಯಿ ತಡಕಿ ತಾನೇ ಹಾಕಿದಳು. ಹಾಕಿ ಕೈ ಮುಗಿದಳು. ದಾರಿಯಲ್ಲಿ ಮಿರ್ಚಿ ಭಜಿ ಕೊಡಿಸಿದಳು. ತಿಂದೆ.

ಫೆಬ್ರವರಿ 17, ಮಂಗಳವಾರ

ಎರಡು ಪೆಟ್ಟು. ನೀರು ತುಂಬಿಸಿ ಇಟ್ಟೆ. ಹುಲಗೇಶಣ್ಣ ಬಂದಿದ್ದ. "ಯವ್ವಾ, ಖರೆ ಹೇಳು, ಯಾರಿಗಿ ಹಾಕಿದಿ?"

"ನಿನ್ನ ಛತ್ರಿ ಗಾಳಿಗಿ ಹಾರಿತು ತಿಳಕೋ. ಬೇಕಾದ್ರ ರೇಣುಕಾನ್ನ ಕೇಳು."

"ಈಕಿ ಬಾಯಿ ಬಿಡಬೇಕಂದ್ರ ಪೊಲೀಸರು ಬರಬೇಕು!"

"ಹೇಳಬಾರದಂತ ಸಹಿ ಮಾಡೀನಿ, ಅಣ್ಣಾ" ಅಂದೆ. ತಾಯಿ-ಮಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ಎಂಥ ಒಳ್ಳೆಯ ಮರೆ ಸಿಕ್ಕಿದೆ ನನಗೆ!

ಸಂಜೆ ಸುದ್ದಿ. ನಮ್ಮ ಬೂತಿನ ಡಬ್ಬಿಗೆ ಯಾರೋ ಮಸಿ ಸುರಿದಿದ್ದರಂತೆ. ಚೀಟಿಗಳೆಲ್ಲ ಹಾಳು. ಗುರುವಾರ ಮತ್ತೆ ಮತದಾನ. ಅಂದರೆ ನಾನು ಒತ್ತಿದ ಛತ್ರಿಯೂ ಮಸಿಯಲ್ಲಿ ಮುಳುಗಿತು! ಈ ಸಲ ಕೊಡಕ್ಕೇ ಒತ್ತಿಬಿಟ್ಟರೆ ಏನೂ ಆಗೇ ಇಲ್ಲ ಅಂದ ಹಾಗೆ. ಆಯಿಗೆ ತಿಳಿಯುವುದೇ ಬೇಡ.

ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಫೆಬ್ರವರಿ 19, ಗುರುವಾರ, ಬೆಳಿಗ್ಗೆ 7

ಆಯಿ ತಯಾರಾಗಿ ಹೊಸ್ತಿಲಲ್ಲಿ ಕೂತಿದ್ದಳು.

"ನಿನ್ನ ಹೆಸರು ಪಟ್ಟ್ಯಾಗ ಬಂದಿಲ್ಲಂತಲ್ಲ. ನಿಮ್ಮವ್ವ ಹೇಳಿದಳು. ನನ್ನ ಮನಸಿನಂಗ ನಾ ಸೋಮವಾರ ಹಾಕೇನಿ. ಮಸಿ ಸುರುವಿದ್ದು ಅವರ ಕರ್ಮ. ಇವತ್ತಿನ ಓಟು ನಿಂದು. ನಿನಗ ಯಾರು ಬೇಕೋ ಅವರಿಗಿ ಹೊಡಿ. ನಾ ಕೇಳಂಗಿಲ್ಲ."

"ಬ್ಯಾಡ, ಆಯಿ."

"ಯಾಕ ಬ್ಯಾಡ? ನಿನಗೇನು ಬೇಕಂತ ಇಲ್ಲೀತನ ಯಾರರ ಕೇಳ್ಯಾರೇನು?"

ಸೀರೆ ಬದಲಿಸಿ ಬರುತ್ತೇನೆಂದು ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅದೇ ದಿನ, ಸಂಜೆ

ಮತ್ತೆ ಅದೇ ಸಹಿ. ಈ ಸಲ ಆಯಿಯ ನಡುಬೆರಳಿಗೆ ಮಸಿ. ಮರೆಗೆ ಹೋದಾಗ ಆಯಿ ಮುಖ ಆ ಕಡೆ ತಿರುಗಿಸಿ ನಿಂತಳು. ಕಣ್ಣೇ ಕಾಣದವಳು — ನನಗೆ ಸಂಕೋಚವಾಗಬಾರದೆಂದು.

ಕೊಡಕ್ಕೆ ಒತ್ತಿದೆ.

ಹೊರಗೆ ಬಂದ ಮೇಲೆ ಕೇಳುವುದಿಲ್ಲ ಅಂದವಳೇ ಕೇಳಿದಳು. "ನಿನ್ನ ಮನಸಿನಂಗ ಹೊಡದಿಲ್ಲೋ?"

"ಕೊಡಕ್ಕ ಹೊಡದೆ, ಆಯಿ."

"ಹುಚ್ಚಿ! ನಂದು ಆಗಳೇ ಹಾಕಿದ್ದೆನಲ್ಲ."

"ಹಾಕಿರಲಿಲ್ಲ. ಸೋಮವಾರ ನೀ ಬೆರಳು ತಗದ ಮ್ಯಾಲ... ನಾ ಛತ್ರಿಗಿ ಹೊಡದೆ."

ಹೆಗಲ ಮೇಲಿನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇರಲಿಲ್ಲ.

ಬೈಯಲಿಲ್ಲ. ಶಾಲೆಯ ಕಾಂಪೌಂಡ್ ಗೋಡೆ ಹಿಡಿದು, ಕೋಲು ಆಡಿಸುತ್ತ ನಡೆದಳು. ಗೋಡೆ ಮುಗಿದ ಕಡೆ ನಿಂತಳು. ರಸ್ತೆ ದಾಟಿಸಲು ಯಾರೋ ಗೊತ್ತಿಲ್ಲದ ಹೆಂಗಸನ್ನು ಕೇಳಿದಳು. ನಾನು ಹಿಂದೆಯೇ ಇದ್ದೆ. ಅವಳಿಗೆ ಗೊತ್ತಿತ್ತು.

ಫೆಬ್ರವರಿ 22, ಭಾನುವಾರ

ಗೋಡೆ ಸುಮ್ಮನಿದೆ. ಗುರುವಾರದಿಂದ.

ನೀರು ಹುಲಗೇಶಣ್ಣ ತುಂಬುತ್ತಿದ್ದಾನೆ. ನಿನ್ನೆ ನಳದ ಹತ್ತಿರ ತಡೆದ. "ಏನಾಗೇತಿ ನಿಮ್ಮಿಬ್ಬರಿಗಿ? ಅವ್ವನ್ನ ಕೇಳಿದ್ರ, 'ಹೇಳಬಾರದಂತ ಸಹಿ ಆಗೇತಿ' ಅಂತಾಳ. ಆಕಿ ಯಾವಾಗ ಸಹಿ ಮಾಡಿದಳು? ಹೆಬ್ಬಟ್ಟಿನಾಕಿ!"

ಕೊಡ ಅಲ್ಲೇ ಬಿಟ್ಟು ಓಡಿ ಬಂದೆ. ಬೈದಿದ್ದರೆ, ಓಣಿಗೆಲ್ಲ ಸಾರಿದ್ದರೆ ತಡೆದುಕೊಳ್ಳಬಹುದಿತ್ತು.

ಇವತ್ತು ಅವನು ಬೇಗ ಕೆಲಸಕ್ಕೆ ಹೋದ. ಆಯಿ ಒಬ್ಬಳೇ. ನಳ ಬಂದಿದೆ, ಓಣಿಯಲ್ಲಿ ಕೊಡಗಳ ಸದ್ದು. ಹೋಗಿ ಬಾಗಿಲಲ್ಲಿ ನಿಂತರೆ ಏನೆನ್ನಲಿ? ಕರೆಯದೆ ಹೇಗೆ ಹೋಗಲಿ?

ಕೋಲು ನೆಲಕ್ಕೆ ತಾಗಿತು. ಎದ್ದಳು ಅನ್ನಿಸುತ್ತದೆ. ಗೋಡೆಯ ಹತ್ತಿರ ಬಂದಳು.

ಒಂದು ಪೆಟ್ಟು.

ಇನ್ನೊಂದು —