ಕುಂಬಳಕಾಯಿ ಪಲ್ಯವೇ ಆಗಲಿ ಎಂದೆ

ಅತ್ತೆ,

ನೀವು ಸತ್ತ ಮೇಲೂ ನನ್ನ ಅಡುಗೆಮನೆಯಲ್ಲಿ ನಿಮ್ಮದೇ ಕಾರುಬಾರು. ನಿನ್ನೆ ನಮ್ಮ ಕಟ್ಟಡದವರೆಲ್ಲ ಕೆಳಗಿನ ಹಾಲ್‌ನಲ್ಲಿ ಒಟ್ಟಿಗೆ ಊಟ ಮಾಡಿದೆವು. ಮನೆಗೊಂದು ಅಡುಗೆ ಮಾಡಿ ತರಬೇಕಿತ್ತು. ನಿಮ್ಮ ಮಗ ಬೆಳಿಗ್ಗೆಯೇ ಶುರು ಮಾಡಿದರು.

"ಅಮ್ಮ ಮಾಡ್ತಿದ್ದ ಬದನೆಕಾಯಿ ಮಾಡು, ಮರ್ಯಾದೆ ಉಳಿಯುತ್ತೆ."

ನನಗೆ ಮೈ ಉರಿಯಿತು. ನನ್ನ ತವರಿನ ಕುಂಬಳಕಾಯಿ ಪಲ್ಯ ಮಾಡುತ್ತೇನೆ ಎಂದೆ. ಮದುವೆಯಾದ ಹೊಸತರಲ್ಲಿ ನೆಂಟರ ಎದುರಿಗೇ "ಇದನ್ನ ದನಾನೂ ಮೂಸಲ್ಲ" ಎಂದು ನೀವು ಕಸದ ಬುಟ್ಟಿಗೆ ಸುರಿದಿರಲ್ಲ, ಅದೇ ಪಲ್ಯ. ಬೇಕೆಂದೇ ಅದನ್ನು ಆರಿಸಿ, ನಿಮ್ಮ ದೊಡ್ಡ ಪಾತ್ರೆಯಲ್ಲೇ ಮಾಡಿದೆ.

ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ನಿಮ್ಮನ್ನು ನೋಡಿಕೊಂಡ ಎದುರುಮನೆಯ ನರ್ಸ್ ಒಂದು ತುತ್ತು ತಿಂದು ನನ್ನ ಕಡೆ ತಿರುಗಿದಳು.

"ಇದೇನಾ ಆ ಪಲ್ಯ? ಬಾಯಿ ಕೆಟ್ಟಿದೆ, ಸೊಸೆ ಮಾಡೋ ಕುಂಬಳಕಾಯಿ ತಿನ್ನಬೇಕು ಅನ್ಸುತ್ತೆ ಅಂತ ನಿಮ್ಮತ್ತೆ ದಿನಾ ಹೇಳ್ತಿದ್ರು. ನಾನು ಹೇಳ್ಲಾ ಅಂದ್ರೆ, ಬೇಡ, ಯಾವ ಮುಖ ಇಟ್ಕೊಂಡು ಕೇಳ್ಲಿ ಅಂತಿದ್ರು."

ಸುತ್ತಲಿದ್ದವರು ಪಾಪ ಎಂದರು. ನಿಮಗೆ. ಇಷ್ಟು ವರ್ಷ ಸಹಿಸಿದ ನನಗಲ್ಲ.

ಆ ದಿನಗಳಲ್ಲಿ ಎರಡು ಹೊತ್ತೂ ಗಂಜಿ ತಂದು ನಿಮ್ಮ ಮಂಚದ ಪಕ್ಕದಲ್ಲೇ ಕೂತಿರುತ್ತಿದ್ದೆ. ಗಂಜಿಗೆ ಉಪ್ಪಿಲ್ಲ ಎಂದು ಬೈಯಲು ಬರುತ್ತಿದ್ದ ಬಾಯಿಗೆ ಇದೊಂದು ಮಾತು ಬರಲಿಲ್ಲ. ಕೇಳಬೇಕಿತ್ತು ನೀವು. ಕೇಳಿದ್ದರೆ, ಆಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಸುಖವಾದರೂ ನನಗೆ ಸಿಗುತ್ತಿತ್ತು.