ಮೂರು ಶೇಂಗಾ, ಎರಡು ಮೆಣಸಿನಕಾಯಿ

ರಾಣೆಬೆನ್ನೂರು
೩೦ ನವೆಂಬರ್ ೨೦೨೫

ಚಿ. ಸೌ. ಭುವನಾಳಿಗೆ ಅವ್ವನ ಆಶೀರ್ವಾದಗಳು.

ನಿನ್ನ ಅಜ್ಜಿಯನ್ನು ಮಣ್ಣು ಮಾಡಿ ತಿಂಗಳಾಯಿತು. ಇಷ್ಟು ದಿನ ಬರೆಯದಿದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಬ್ಯಾಡಗಿ ಏನು ದೂರವೇ? ಬಸ್ಸು ಹತ್ತಿದರೆ ಒಂದು ತಾಸು. ಆದರೆ ನಿನ್ನ ಮುಖ ನೋಡಿದರೆ ನನ್ನ ಬಾಯಿ ಕಟ್ಟುತ್ತದೆ, ಫೋನಿನಲ್ಲೂ ಅಷ್ಟೇ.

ಅಪ್ಪಾಜಿ ಆರಾಮ ಇದ್ದಾರೆ. ನಿವೃತ್ತರಾದ ಮೇಲೆ ಭಾಷಣ ಹೆಚ್ಚಾಗಿದೆ. ಮೊನ್ನೆ ಸಂವಿಧಾನ ದಿನಕ್ಕೆ ಹಾವೇರಿಗೆ ಹೋಗಿ ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದರಂತೆ. "ನಮ್ಮ ಮನಿಯೊಳಗ ಮಗಳ ಮದುವಿನೂ ಮತಕ್ಕ ಹಾಕಿದ್ವಿ" ಅಂದಾಗ ಜನ ಚಪ್ಪಾಳೆ ಹೊಡೆದರಂತೆ. ಅದನ್ನು ಊಟಕ್ಕೆ ಕುಳಿತು ನನಗೂ ಹೇಳಿದರು. ನಾನು ರೊಟ್ಟಿ ಬಡಿಸಿದೆ.

ಅಂದಿನಿಂದ ಆ ದಿನವೇ ಕಣ್ಣ ಮುಂದೆ ಬರುತ್ತಿದೆ. ನಿನಗೆ ಹತ್ತೊಂಬತ್ತು. ಧಾರವಾಡದಲ್ಲಿ ಕಾನೂನು ಓದಲು ಸೀಟು ಸಿಕ್ಕಿತ್ತು, ಅದೇ ವಾರ ಬ್ಯಾಡಗಿಯ ಸಂಬಂಧವೂ ಬಂದಿತ್ತು. ಅಪ್ಪಾಜಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು. "ಈ ಮನಿಯಾಗ ಹುಕುಂ ನಡಿಯೂದಿಲ್ಲ. ಐದೂ ಮಂದಿಗೆ ಒಂದೊಂದು ಮತ" ಅಂದರು.

ನೀನು ಎದ್ದು ನಿಂತೆ. "ಓದಾಕಿ ನಾ, ಮದುವಿ ಆಗಾಕಿ ನಾ. ನನ್ನ ಬಾಳೇವು ಮತಕ್ಕ ಹಾಕೂದು ಪ್ರಜಾಪ್ರಭುತ್ವ ಅಲ್ರಿ ಅಪ್ಪಾಜಿ. ಎಷ್ಟ ಮಂದಿ ಕೂಡಿದ್ರೂ ಮುಟ್ಟಬಾರದ್ದು ಒಂದಿಷ್ಟು ಇರ್ತೈತಿ."

"ಸೋಲ್ತೀನಿ ಅಂತ ಗೊತ್ತಾದವರು ಹಿಂಗs ಮಾತಾಡ್ತಾರ" ಅಂದು ಅವರು ನಕ್ಕರು. ನಿನ್ನ ಅಣ್ಣ ಮಧುವೂ ನಕ್ಕ. ಕೊನೆಗೆ ನೀನು ನನ್ನ ಮುಖ ನೋಡಿ ಒಪ್ಪಿದೆ.

ಅಜ್ಜಿಗೆ ಓದು ಬಾರದು. ಹಾಗಾಗಿ ಓದಿಗೆ ಮೆಣಸಿನಕಾಯಿ, ಮದುವೆಗೆ ಶೇಂಗಾ ಎಂದಾಯಿತು. ದೇವರ ಕೋಣೆಯಲ್ಲಿಟ್ಟ ಚೀಲಕ್ಕೆ ಒಬ್ಬೊಬ್ಬರೇ ಹೋಗಿ ಹಾಕಿ ಬಂದೆವು. ಮೂರು ಶೇಂಗಾ, ಎರಡು ಮೆಣಸಿನಕಾಯಿ ಬಿದ್ದವು.

ಅಪ್ಪಾಜಿ, ಮಧು ಮೊದಲೇ ಮದುವೆ ಅಂದಿದ್ದರು. ನೀನು ನೇರ ಅಜ್ಜಿಯತ್ತ ತಿರುಗಿದೆ. "ಹೆಣ್ಣಿಗೆ ಅಷ್ಟ ಓದು ಯಾಕ ಅಂತಿದ್ದಿ. ನೀನs ನನ್ನ ಕುತ್ತಿಗಿ ಕೊಯ್ದಾಕಿ!" ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀನು ನನ್ನ ತೊಡೆಯ ಮೇಲೆ ಬಿದ್ದು ಅತ್ತೆ. "ನೀ ಒಬ್ಬಾಕಿರ ನನ್ನ ಕಡೆ ಇದ್ದ್ಯಲ್ಲಬೇ" ಅಂದೆ. ನಾನು ನಿನ್ನ ತಲೆ ಸವರಿದೆ.

ಹನ್ನೊಂದು ವರ್ಷ ನೀನು ಅವಳೊಡನೆ ಮಾತಾಡಲಿಲ್ಲ. ಅವಳು ಕೊಟ್ಟ ಚಹಾ ಬಚ್ಚಲಿಗೆ ಸುರಿದೆ. ಕೊನೆಯ ವಾರ ಬಾಗಿಲಲ್ಲಿ ಸಪ್ಪಳಾದರೆ ಸಾಕು, "ಭುವನಾ ಬಂದ್ಲೇನು?" ಅನ್ನುತ್ತಿದ್ದಳು. ಕರೆದರೆ ನೀನು, "ಸತ್ತ ಮ್ಯಾಲೂ ಆಕಿ ಮಾರಿ ನೋಡೂದಿಲ್ಲ" ಅಂದೆ. ಹಾಗೆಯೇ ನಡೆದುಕೊಂಡೆ.

ಪಂಚಮಿಗೆ ಬಂದಾಗ ನಿನ್ನ ತೋಳಿನ ಮೇಲೆ ನೀಲಿ ಕಲೆ ನೋಡಿದೆ. ಬಾಗಿಲು ಬಡಿಯಿತು ಅಂದೆ. ನಾನು ಮತ್ತೆ ಕೇಳಲಿಲ್ಲ.

ಮಗಳು ಸುಚಿತ್ರಾಳನ್ನು ಚೆನ್ನಾಗಿ ಓದಿಸು. ದೇವರು ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ.

ನಿನ್ನ ಅವ್ವ
ಪುಷ್ಪಾವತಿ

ತಾ.ಕ.: ಮೂರನೆಯ ಶೇಂಗಾ ನನ್ನದು. ನನ್ನನ್ನು ಏಳನೇ ಇಯತ್ತೆಗೇ ಶಾಲೆ ಬಿಡಿಸಿದ್ದರು. ನೀನು ಕರಿ ಕೋಟು ಹಾಕಿಕೊಂಡು ಬರುವುದನ್ನು ನೆನೆದು ಹೊಟ್ಟೆ ಉರಿಯಿತು. ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ. ಅಜ್ಜಿಗೆ ತಿಳಿದಿತ್ತು. ಮೆಣಸಿನಕಾಯಿ ಎರಡೇ, ಒಂದು ನಿನ್ನದು, ಇನ್ನೊಂದು ಅವಳು ಹಾಕಿದ್ದು. ಕೊನೆಗೆ ನಿನಗೆಲ್ಲ ಹೇಳಿಬಿಡೋಣವೆಂದು ನಾನು ಫೋನ್ ಎತ್ತಿಕೊಂಡಾಗ ಕೈ ಹಿಡಿದಳು. "ಬ್ಯಾಡ ಪುಷ್ಪಾ. ಆ ಮನಿಯಾಗ ಆಕಿಗೆ ಏನೂ ಇಲ್ಲ. ನನಗೊಬ್ಬಾಕಿ ಅವ್ವ ಅದಾಳ ಅಂತರ ತಿಳಕೊಂಡಿರ್ಲಿ." ನಾನು ಫೋನ್ ಕೆಳಗಿಟ್ಟೆ. ಅವಳು ಇನ್ನೂ ಆರು ದಿನ ಬದುಕಿದ್ದಳು.