ಕಾಶಿಬಾಯಿಯವರ ಲೈನ್ ಕಿತ್ತದ್ದು

ಕಲಬುರಗಿ
ಮೇ ನಲವತ್ತೊಂದು, ೨೧೩೮

ಗೋಡೆ ಕಟ್ಟುತ್ತಿರುವ ನಿಮಗೆ,

ತಾರೀಖು ನೋಡಿ ಬೆರಗಾಗಬೇಡಿ. ಸೆಕೆ ಮುರಿಯುವ ತನಕ ನಾವು ಮೇ ತಿಂಗಳನ್ನು ಮುಗಿಸುವುದಿಲ್ಲ. ಹೋದ ವರ್ಷ ಅದು ಐವತ್ತೆರಡು ದಿನ ನಡೆಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಬೇರೆ ಯಾವುದಕ್ಕೂ ನಾನು ನಿಮ್ಮ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ನೀಲಾಂಬಿಕಾ. ವೈರಿಂಗ್ ರಿಪೇರಿ ನನ್ನ ಕಸುಬು. ನಿಮ್ಮ ಕಾಲದಲ್ಲಿ ಎದ್ದ ನಾಲ್ಕು ಅಂತಸ್ತಿನ ಕಟ್ಟಡವೊಂದರಲ್ಲಿ ನಾವು ಹನ್ನೆರಡು ಮನೆಯವರಿದ್ದೇವೆ. ಕೆಳಗಿನ ಅಂತಸ್ತಿನಲ್ಲಿ ತಂಪುಮನೆ ಇದೆ. ಹನ್ನೊಂದರಿಂದ ಐದರವರೆಗೆ ಹೊರಗೆ ಯಾರೂ ಕಾಲಿಡಲಾಗದ ಕಾರಣ, ಎಲ್ಲರೂ ಆ ಒಂದೇ ಕೋಣೆಯಲ್ಲಿ ತಂಪಿನ ಯಂತ್ರದ ಕೆಳಗೆ ಕೂರುತ್ತೇವೆ. ಮಕ್ಕಳ ಪಾಠ, ಮುದುಕರ ನಿದ್ದೆ, ಊಟ, ಜಗಳ ಎಲ್ಲವೂ ಅಲ್ಲಿಯೇ. ಇಡೀ ಕಟ್ಟಡಕ್ಕೆ ಒಂದೇ ಕಾವಲುಗುಂಡಿ. ಕರೆಂಟು ಎಲ್ಲಿಯಾದರೂ ಸೋರಿದರೆ ಅದು ತಾನೇ ಕೆಳಗೆ ಬಿದ್ದು ಎಲ್ಲವನ್ನೂ ಆರಿಸುತ್ತದೆ. ನೀವು ಟ್ರಿಪ್ ಆಯಿತು ಎನ್ನುತ್ತಿದ್ದಿರಂತೆ. ನಾವು ಬಿತ್ತು ಎನ್ನುತ್ತೇವೆ.

ಈ ಬೇಸಿಗೆಯಲ್ಲಿ ಅದು ದಿನಾ ಬೀಳತೊಡಗಿತು. ಅದೂ ಮಧ್ಯಾಹ್ನ ಒಂದರ ಹೊತ್ತಿಗೆ. ಮೇಲಕ್ಕೆತ್ತಿದರೆ ಹತ್ತು ನಿಮಿಷ ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಮೂರನೆಯ ಅಂತಸ್ತಿನ ಕಾಶಿಬಾಯಿಯವರು ಕರೆಂಟಿನ ಹಂಚು ಹಚ್ಚುತ್ತಿದ್ದುದೂ ಒಂದಕ್ಕೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಅವರು ತಂಪುಮನೆಯಲ್ಲಿ ಕೂತವರಿಗೆಲ್ಲ ಬಿಸಿ ಜೋಳದ ರೊಟ್ಟಿ ಬಡಿದು ತಂದು ಕೊಡುತ್ತಿದ್ದರು. ಹಂಚು ಹಳೆಯದು, ಅದರ ವೈರಿಗೆ ಎರಡು ಕಡೆ ಪಟ್ಟಿ ಸುತ್ತಿತ್ತು. ಅನುಮಾನ ಪಡಲು ಅಷ್ಟು ಸಾಕಾಯಿತು. ಆರೋಪ ಮೊದಲು ಪಿಸುಮಾತಾಗಿತ್ತು, ಆಮೇಲೆ ಎದುರಿಗೇ ಬಂತು. ಆಡಿದವರ ತಟ್ಟೆಯಲ್ಲಿ ಕಾಶಿಬಾಯಿಯವರದೇ ರೊಟ್ಟಿ ಇತ್ತು.

ಮೇ ಇಪ್ಪತ್ತಾರನೆಯ ದಿನ ಕಟ್ಟಡದ ಹಿರಿಯರಾದ ಗುರುಪಾದಪ್ಪನವರು ನನ್ನನ್ನು ಕರೆದು ಕಾಶಿಬಾಯಿಯವರ ಮನೆಯ ಲೈನ್ ಕೀಳಲು ಹೇಳಿದರು. ಒಮ್ಮೆ ಪರೀಕ್ಷೆ ಮಾಡೋಣ ಎಂದೆ.

"ಆಕಿ ಹಂಚ್ ಹಚ್ಚಿದಾಗೇ ಬೀಳ್ತದ. ಇನ್ನೇನ್ ನೋಡೂದದ?" ಎಂದರು.

ಕಾಶಿಬಾಯಿಯವರು ಬಾಗಿಲಲ್ಲಿ ನಿಂತಿದ್ದರು. ಕೈಗೆ ಹಿಟ್ಟು ಮೆತ್ತಿತ್ತು. ಅವರು ಅಳಲಿಲ್ಲ, ಜಗಳವಾಡಲೂ ಇಲ್ಲ. "ಎಲ್ಲಾರ ಮನಿ ಲೈನ್ ಬಂದ್ ಮಾಡಿ, ಒಂದೊಂದೇ ಹಚ್ಚಿ ನೋಡವ್ವ," ಎಂದರು. "ನನ್ನ ಹಂಚ್ ಬೇಕಾದ್ರ ಮೊದಲ ಹಚ್ಚು. ಬಿದ್ರ ನಾನೇ ಕಿತ್ತು ಒಗಿತೀನಿ."

ಅವರು ಹೇಳಿದ್ದು ಸರಿಯಾದ ಕ್ರಮ. ಕೆಲಸ ಕಲಿತ ಮೊದಲ ವಾರದಲ್ಲೇ ನನಗೆ ಹೇಳಿಕೊಟ್ಟ ಕ್ರಮ. ಆದರೆ ಅದಕ್ಕೆ ಒಂದು ತಾಸು ಬೇಕು, ಆ ತಾಸು ತಂಪಿನ ಯಂತ್ರ ನಿಲ್ಲಬೇಕು. ನನ್ನ ಹಿಂದೆ ಮೆಟ್ಟಿಲ ಮೇಲೆ ಇಡೀ ಕಟ್ಟಡದ ಜನ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಎರಡು ದಿನದ ಮಟ್ಟಿಗೆ ಅಷ್ಟೇ ಎಂದು ಕಾಶಿಬಾಯಿಯವರಿಗೆ ಹೇಳಿ ಲೈನ್ ಕಿತ್ತೆ. ಹಂಚಿನ ಜೊತೆ ಅವರ ಫ್ಯಾನೂ ನಿಂತಿತು.

ಅಂದು ಗುಂಡಿ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ತಂಪುಮನೆಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು, ನಾನೂ ಹಿಗ್ಗಿದೆ. ಕಾಶಿಬಾಯಿಯವರು ಅಲ್ಲಿಗೆ ಬರುವುದನ್ನೇ ಬಿಟ್ಟಿದ್ದರು. ಅಷ್ಟೊಂದು ಮಾತು ಕೇಳಿದ ಮೇಲೆ ಅಲ್ಲಿ ಹೋಗಿ ಹೇಗೆ ಕೂತಾರು? ಎರಡು ದಿನ ಎಂದದ್ದು ನಾಲ್ಕಾಯಿತು. ಸಂಜೆ ಹೋಗಿ ಕರೆಯೋಣ ಎಂದುಕೊಳ್ಳುತ್ತಿದ್ದೆ, ಹೋಗಲಿಲ್ಲ. ಐದನೆಯ ದಿನ ಪಕ್ಕದ ಮನೆಯವರು ಬಾಗಿಲು ತಳ್ಳಿ ನೋಡಿದಾಗ ಅವರು ಬಚ್ಚಲಿನ ನೆಲದ ಮೇಲೆ ಮಲಗಿದ್ದರು. ತಂಬಿಗೆಯಲ್ಲಿದ್ದ ನೀರು ಕೈ ಅದ್ದಲಾಗದಷ್ಟು ಕಾದಿತ್ತು. ಜೀವ ಹೋಗಿ ಬಹಳ ಹೊತ್ತಾಗಿತ್ತು.

ಅವರ ಮಣ್ಣಾದ ನಾಲ್ಕನೆಯ ದಿನ ಮೋಡ ಕವಿಯಿತು, ಗಾಳಿಯಲ್ಲಿ ತೇವ ಬಂತು. ಒಂದು ಗಂಟೆಗೆ ಗುಂಡಿ ಬಿತ್ತು.

ನಾನು ಎದ್ದು ಎಲ್ಲರ ಲೈನ್ ಬಂದ್ ಮಾಡಿದೆ. ತಂಪಿನ ಯಂತ್ರದ ಲೈನ್ ಒಂದನ್ನೇ ಹಚ್ಚಿದೆ, ಬಿತ್ತು. ಯಂತ್ರವನ್ನೂ ಬಿಚ್ಚಿಟ್ಟು ಬರಿಯ ವೈರಿಗೆ ಕರೆಂಟು ಕೊಟ್ಟೆ, ಆಗಲೂ ಬಿತ್ತು. ಅಂದರೆ ಸೋರಿಕೆ ಯಾವ ಮನೆಯಲ್ಲೂ ಇರಲಿಲ್ಲ, ಗೋಡೆಯೊಳಗಿತ್ತು. ಉಳಿ ಹಿಡಿದು ಒಡೆದೆ. ನೀವು ಉದ್ದ ಸಾಲದ ಎರಡು ವೈರುಗಳನ್ನು ಕೈಯಲ್ಲೇ ತಿರುಚಿ, ಮೇಲೆ ಹಾಲಿನ ಪಾಕೀಟಿನ ಹಾಳೆ ಸುತ್ತಿ, ಗಿಲಾವು ಬಳಿದು ಹೋಗಿದ್ದಿರಿ. ಡಬ್ಬಿಯಿಲ್ಲ, ಕೊಳವೆಯಿಲ್ಲ. ಪಕ್ಕದಲ್ಲೇ ಯಂತ್ರದ ನೀರು ಹೊರಹೋಗುವ ಪೈಪು ಬಿರುಕು ಬಿಟ್ಟಿತ್ತು. ಗಾಳಿಯಲ್ಲಿ ತೇವವಿದ್ದ ದಿನಗಳಲ್ಲಿ ಯಂತ್ರ ಹೆಚ್ಚು ನೀರು ಹಿಂಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಗೋಡೆ ನೆನೆದು ಆ ಗಂಟಿನಿಂದ ಕರೆಂಟು ಸೋರುತ್ತದೆ. ನಾನು ಲೈನ್ ಕಿತ್ತ ದಿನದಿಂದ ಒಣಗಾಳಿ ಬೀಸಿತ್ತು. ನನ್ನ ಜಾಣತನವೆಲ್ಲ ಅಷ್ಟೇ.

ಹೊಸ ವೈರು ಎಳೆಯಲು ನನಗೆ ಹಿಡಿದದ್ದು ನಲವತ್ತು ನಿಮಿಷ. ಎರಡೂವರೆಗೆ ಯಂತ್ರ ಸುತ್ತಿತು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತರು.

ಬೀದರಿನಿಂದ ಬಂದಿದ್ದ ಕಾಶಿಬಾಯಿಯವರ ಮಗಳು ಸುಗಲಾ ಮನೆ ಖಾಲಿ ಮಾಡುತ್ತಿದ್ದಳು. ಮೇಲೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಪಾತ್ರೆ ಜೋಡಿಸುತ್ತಲೇ ಕೇಳಿಸಿಕೊಂಡಳು.

"ನಮ್ಮವ್ವ ನಿಮಗ ಏನರ ಹೇಳಿದ್ಳೇನ್ರಿ?"

"ಹೇಳಿದ್ರು. ಎಲ್ಲಾರದೂ ಬಂದ್ ಮಾಡಿ ನೋಡು ಅಂದಿದ್ರು."

"ನೀವ್ ನೋಡ್ಲಿಲ್ಲ," ಎಂದಳು. ಅವಳು ಗಂಟು ಹೊತ್ತು ಮೆಟ್ಟಿಲಿಳಿಯುವಾಗ ಕೈ ಹಚ್ಚಲು ಹೋದೆ. ಬೇಡ ಎಂದು ಸರಿದಳು.

ನನ್ನ ತಪ್ಪಿಗೆ ನಾನಿದ್ದೇನೆ. ಈ ಕಟ್ಟಡದಲ್ಲೇ ಇದ್ದು, ಆ ಬಾಗಿಲ ಮುಂದೆಯೇ ದಿನಾ ಹಾದುಹೋಗುತ್ತೇನೆ. ನೀವು ಮಾತ್ರ ಹೆಸರಿಲ್ಲದೆ ಪಾರಾದಿರಿ. ಸಂಜೆಯಾಗಿತ್ತೋ, ವೈರು ಮುಗಿದಿತ್ತೋ, ಯಜಮಾನ ಅವಸರ ಮಾಡಿದ್ದನೋ, ಒಳಗಿರುವುದು ಯಾರಿಗೆ ಕಾಣುತ್ತದೆ ಎಂದುಕೊಂಡಿರೋ, ನನಗೆ ತಿಳಿಯದು. ನಿಮ್ಮ ಕಾಲದಲ್ಲಿ ಆ ಗೋಡೆ ಇನ್ನೂ ಹಸಿಯಾಗಿದೆ. ಒಡೆದು ಆ ಗಂಟನ್ನು ಬಿಚ್ಚಿ ಎಂದು ಕೇಳುತ್ತೇನೆ. ನೀವು ಬಿಚ್ಚುವುದಿಲ್ಲವೆಂಬುದು ಗೊತ್ತು. ಹೋದ ವಾರ ಅದನ್ನು ನಾನು ನನ್ನ ಕೈಯಾರೆ ಹೊರತೆಗೆದಿದ್ದೇನೆ.

ನೀಲಾಂಬಿಕಾ